ಜೊತೆಯಲ್ಲಿ ಯಾರು ಬಂದಿದ್ದೀರಿ?



ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಅದಾದ ಒಂದು ವಾರಕ್ಕೆ, 11ರಂದು, ಲೂರ್ದು ಮಾತೆಯ ಹಬ್ಬ. ಸಂತ ಎರಡನೆಯ ಜಾನ್ ಪೌಲರು 1992ರಲ್ಲಿ ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಮಾಡಿದರು. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ಮುಂದಿನ ಬೆಂಚುಗಳಲ್ಲಿ ಕೂರಿಸಿ ಪ್ರಾರ್ಥಿಸುತ್ತೇವೆ, ಅಭ್ಯಂಗ ಕೊಡಿಸುತ್ತೇವೆ. ಅವರನ್ನು ಕೈಹಿಡಿದು ಕರೆತಂದು ಪಕ್ಕದಲ್ಲಿ ಕುಳಿತವರ ಕಡೆಗೆ ನಮ್ಮ ಕಣ್ಣು ಅಷ್ಟಾಗಿ ಹೋಗುವುದಿಲ್ಲ. ಈ ತಿಂಗಳು ಅವರ ಬಗ್ಗೆ ಬರೆಯೋಣವೆನಿಸಿತು. ಅದರಲ್ಲೂ ಊರು ಬಿಟ್ಟು, ಭಾಷೆ ಬಿಟ್ಟು, ಕೊಯಮತ್ತೂರಿನ ಯಾವುದೋ ಬಾಡಿಗೆ ಕೋಣೆಯಲ್ಲಿ ಆರೇಳು ವಾರ ಇದ್ದು ಸಂಗಾತಿಗೆ ಕ್ಯಾನ್ಸರ್ ಚಿಕಿತ್ಸೆ ಕೊಡಿಸುವ ಗಂಡ ಅಥವಾ ಹೆಂಡತಿಯ ಬಗ್ಗೆ.

ಚಾಮರಾಜನಗರ, ಕೊಳ್ಳೇಗಾಲ, ಹನೂರು ಕಡೆಯವರಿಗೆ ಕೊಯಮತ್ತೂರು ಅಪರಿಚಿತ ಊರೇನಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಧರ್ಮಸಭೆಯ ಲೆಕ್ಕದಲ್ಲೂ ಮೈಸೂರು ಮತ್ತು ಕೊಯಮತ್ತೂರು ಅವಳಿ ಮಕ್ಕಳಿದ್ದಂತೆ. ಎರಡೂ 1850ರಲ್ಲಿ ಪಾಂಡಿಚೇರಿಯಿಂದ ಬೇರೆಯಾದವು, 1886ರಲ್ಲಿ ಎರಡೂ ಧರ್ಮಪ್ರಾಂತ್ಯಗಳಾದವು. ಈರೋಡು ಜಿಲ್ಲೆಗೆ ಸೇರಿದ ತಾಳವಾಡಿ, ಹಾಸನೂರು ಸೀಮೆಯ ಕನ್ನಡಿಗರಿಗಂತೂ ದೊಡ್ಡಾಸ್ಪತ್ರೆ ಎಂದರೆ ಕೊಯಮತ್ತೂರೇ. ತಿರುಚ್ಚಿ ರಸ್ತೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕುಪ್ಪುಸ್ವಾಮಿ ನಾಯ್ಡು ಆಸ್ಪತ್ರೆ, ಪಿ.ಎಸ್.ಜಿ., ಶ್ರೀ ರಾಮಕೃಷ್ಣ, ಕೆ.ಎಂ.ಸಿ.ಎಚ್. ಹೀಗೆ ಕ್ಯಾನ್ಸರ್ ವಿಭಾಗವಿರುವ ದೊಡ್ಡ ಆಸ್ಪತ್ರೆಗಳು ಒಂದೇ ಊರಿನಲ್ಲಿವೆ. ಬೆಂಗಳೂರಿನ ಕಿದ್ವಾಯಿಗೆ ಹೋಗುವವರೂ ನಮ್ಮಲ್ಲಿ ಬಹಳ. ಈ ಲೇಖನದ ಮಾತು ಬಹುಮಟ್ಟಿಗೆ ಅವರಿಗೂ ಸಲ್ಲುತ್ತದೆ.

ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವವರಿಗೆ ‘ಅಟೆಂಡರ್’ ಎನ್ನುತ್ತಾರೆ. ಕಚೇರಿಯಲ್ಲಿ ಫೈಲು ಹೊರುವ ಅಟೆಂಡರ್ ಮಾತ್ರ ಗೊತ್ತಿರುವ ನಮ್ಮವರು ಮೊದಲ ದಿನ ಗಲಿಬಿಲಿಯಾಗುತ್ತಾರೆ. ನರ್ಸು ಹೊರಗೆ ಬಂದು ರೋಗಿಯ ಹೆಸರು ಕೂಗಿ, ಜೊತೆಯಲ್ಲಿ ಯಾರು ಬಂದಿದ್ದೀರಿ ಎಂದು ತಮಿಳಿನಲ್ಲಿ ಕೇಳುತ್ತಾರೆ. ಆಗ ಬೆಂಚಿನಿಂದ ಏಳುವವರು ಯಾರು? ನಾವು ನಮ್ಮ ಕಡೆಯ ಕೆಲವು ಕುಟುಂಬಗಳ ಜೊತೆ ಅಂಥ ಬೆಂಚುಗಳಲ್ಲಿ ಕುಳಿತು ಕಂಡದ್ದನ್ನು ಹೇಳುತ್ತೇವೆ. ಗಂಡನಿಗೆ ಕಾಯಿಲೆಯಾದರೆ ಏಳುವವಳು ಹೆಂಡತಿ. ಹೆಂಡತಿಗೆ ಕಾಯಿಲೆಯಾದರೆ ಏಳುವವಳು ಅವಳ ತಾಯಿ, ಇಲ್ಲವೇ ಅಕ್ಕ, ಇಲ್ಲವೇ ಕಾಲೇಜು ಬಿಡಿಸಿ ಕರೆತಂದ ಮಗಳು. ಗಂಡ ಮೊದಲ ದಿನ ಬಂದು ದುಡ್ಡು ಕಟ್ಟಿ, ಫಾರಂಗೆ ಸಹಿ ಹಾಕಿ, ಸಂಜೆಯ ಬಸ್ಸು ಹತ್ತಿರುತ್ತಾನೆ. “ಅವ್ವ ಜೊತೇಲಿ ಇರ್ತಾಳಲ್ಲ, ನಾನು ಹೊಲ ನೋಡ್ಕೊಬೇಕು” ಎನ್ನುತ್ತಾನೆ. ಅವನು ಕೆಟ್ಟವನೇನಲ್ಲ. ರಾತ್ರಿ ಫೋನು ಮಾಡುತ್ತಾನೆ, ಸಾಲ ಮಾಡಿ ಹಣ ಕಳಿಸುತ್ತಾನೆ. ಆಸ್ಪತ್ರೆಯ ಕೆಲಸ ಹೆಂಗಸರ ಕೆಲಸ ಎಂದು ಅವನ ತಲೆಯಲ್ಲಿ ಯಾರೋ ಎಂದೋ ಬರೆದಿಟ್ಟಿದ್ದಾರೆ, ಅಷ್ಟೆ.

ಇದು ನಮ್ಮ ಊರುಗಳ ಕಥೆ ಮಾತ್ರವೂ ಅಲ್ಲ. 2009ರಲ್ಲಿ ‘ಕ್ಯಾನ್ಸರ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದರು. ಮೆದುಳಿನ ಗಡ್ಡೆ, ಕ್ಯಾನ್ಸರ್ ಮುಂತಾದ ಗಂಭೀರ ಕಾಯಿಲೆಯ 515 ವಿವಾಹಿತರ ಸಂಸಾರ ಮುಂದೆ ಏನಾಯಿತೆಂದು ಅವರು ನೋಡಿದ್ದರು. ಗಂಡ ರೋಗಿಯಾದಾಗ ದಂಪತಿಗಳು ಬೇರೆಯಾದದ್ದು ನೂರಕ್ಕೆ 2.9. ಹೆಂಡತಿ ರೋಗಿಯಾದಾಗ ಬೇರೆಯಾದದ್ದು ನೂರಕ್ಕೆ 20.8! ನಮ್ಮಲ್ಲಿ ವಿಚ್ಛೇದನ ಅಷ್ಟು ಸುಲಭವಾಗಿ ನಡೆಯುವುದಿಲ್ಲ, ನಿಜ. ಆದರೆ ಬೇರೆಯಾಗಲು ಕೋರ್ಟಿಗೇ ಹೋಗಬೇಕೆಂದಿಲ್ಲವಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಒಂದು ಜಾಗ ಆರು ವಾರ ಖಾಲಿಯಿದ್ದರೂ ಸಾಕು.

ಆದ್ದರಿಂದ ಈ ಲೇಖನದಲ್ಲಿ ನಾವು ಹೆಚ್ಚಾಗಿ ಗಂಡಂದಿರ ಜೊತೆಯೇ ಮಾತಾಡುತ್ತೇವೆ. ಅಕ್ಕಂದಿರು, ತಾಯಂದಿರು ಕ್ಷಮಿಸಬೇಕು. ನಿಮಗೆ ಈ ಕೆಲಸ ಯಾರೂ ಹೇಳಿಕೊಡಬೇಕಾಗಿಲ್ಲ.

ಬಲಿಪೀಠದ ಮುಂದೆ ಕೈಹಿಡಿದು, ಕಾಯಿಲೆ ಬಂದರೂ ಬಿಡುವುದಿಲ್ಲ ಎಂದು ನಾವೆಲ್ಲರೂ ಮಾತು ಕೊಟ್ಟವರೇ. ಆ ಮಾತು ನಡೆಸುವ ಕೆಲಸ ನಿಜವಾಗಿ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವಂಥದ್ದು. ಸ್ವಲ್ಪ ಬೆಳೆದ ಮೇಲೆ ಗೊತ್ತಾದರೆ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ನಮ್ಮವರೂ ತಮಿಳರೂ ಇದನ್ನು ‘ಕರೆಂಟ್ ಕೊಡುವುದು’ ಎಂದೇ ಕರೆಯುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲ, ಸುಮಾರು 25 ಸಲ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಕಾಯುವುದು ಗಂಟೆಗಟ್ಟಲೆ. ನಡುವೆ ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಕೀಮೋ. ಇದೆಲ್ಲ ಮುಗಿದ ಮೇಲೆ ಒಳಗಿನಿಂದ ಕೊಡುವ ವಿಕಿರಣ ಕೆಲವು ಸಲ. ಇವೆಲ್ಲವೂ ಒಟ್ಟು ಎಂಟು ವಾರದೊಳಗೆ ಮುಗಿಯಬೇಕು ಎಂಬುದು ವೈದ್ಯರ ಲೆಕ್ಕ. ದಿನಗಳು ಎಳೆದಷ್ಟೂ ಗುಣವಾಗುವ ಅವಕಾಶ ಕುಗ್ಗುತ್ತ ಹೋಗುತ್ತದೆ. ಗಂಟಲು, ಬಾಯಿಯ ಕ್ಯಾನ್ಸರಿಗೂ ಇದೇ ಮಾತು.

ಈ ಎಂಟು ವಾರದ ಲೆಕ್ಕವನ್ನು ದಯವಿಟ್ಟು ಇನ್ನೊಮ್ಮೆ ಓದಿರಿ. ನಮ್ಮವರು ಹದಿನೈದನೆಯ ಕರೆಂಟ್ ಆದಾಗ, ‘ಊರಲ್ಲಿ ಹಬ್ಬ, ಒಂದು ವಾರ ಇದ್ದು ಬರುತ್ತೇವೆ’ ಎಂದು ಹೊರಟುಬಿಡುತ್ತಾರೆ. ಅರಿಶಿನ ಬೇಯಿಸಬೇಕು, ನಾದಿನಿಯ ಮದುವೆ, ಮನೆಯ ಗೃಹಪ್ರವೇಶ, ಹೀಗೆ ಕಾರಣಗಳಿಗೇನೂ ಬರವಿಲ್ಲ. ಹೆಂಡತಿಗೂ ಮಕ್ಕಳನ್ನು ನೋಡುವ ಆಸೆ, ಅಳುತ್ತಾಳೆ. ಅವಳ ತಾಯಿ ಜೊತೆಗಿದ್ದರೆ ಮಗಳ ಅಳು ನೋಡಲಾಗದೆ ಕರೆದುಕೊಂಡು ಹೊರಟೇಬಿಡುತ್ತಾಳೆ. ಗಟ್ಟಿಯಾಗಿ, ಆದರೆ ಗದರದೆ, ‘ಇನ್ನು ಹತ್ತೇ ದಿನ, ಮಕ್ಕಳನ್ನೇ ಇಲ್ಲಿಗೆ ಕರೆಸೋಣ’ ಎಂದು ಹೇಳಬಲ್ಲವನು ಗಂಡ. ಹಬ್ಬಕ್ಕೆ ಬರಲಾಗದೆಂದು ಊರಿನ ಹಿರಿಯರಿಗೆ ಫೋನು ಮಾಡಿ ಹೇಳಬೇಕಾದವನೂ ಅವನೇ. ಅತ್ತೆಗೆ ಆ ಅಧಿಕಾರವನ್ನು ನಮ್ಮ ಸಮಾಜ ಕೊಟ್ಟಿಲ್ಲ.

ಹೋಗಿಬರುವ ದಾರಿಯೂ ಅಂಥದ್ದು. ದಿಂಬಂ ಘಾಟಿಯಲ್ಲಿ 27 ತಿರುವುಗಳು. ಸತ್ಯಮಂಗಲ ಹುಲಿ ಅಭಯಾರಣ್ಯದ ಪ್ರಾಣಿಗಳ ರಕ್ಷಣೆಗಾಗಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಆ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಆಂಬುಲೆನ್ಸಿಗೆ ವಿನಾಯಿತಿ ಉಂಟು. ಆದರೂ ಘಾಟಿಯ ಮೇಲಿನ ಹಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಜ್ವರ ಬಂದರೆ ಆಂಬುಲೆನ್ಸು ಬಂದು ಕೊಯಮತ್ತೂರು ತಲುಪುವಷ್ಟರಲ್ಲಿ ಬೆಳಗಾದೀತು. ಜ್ವರಕ್ಕೆ ಅಷ್ಟೇಕೆ ಹೆದರಬೇಕು ಎಂದು ಕೇಳುವಿರಿ. ಅನೇಕ ಕೀಮೋ ಔಷಧಗಳು ಕೊಟ್ಟ 7ರಿಂದ 14 ದಿನಗಳ ನಡುವೆ ರಕ್ತದ ಬಿಳಿಕಣಗಳು ತೀರ ಇಳಿದಿರುತ್ತವೆ. ಆ ದಿನಗಳಲ್ಲಿ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಲ್ಲದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಪ್ಯಾರಸಿಟಮಾಲ್ ಕೊಟ್ಟು ಮಲಗಿಸಲೂಬಾರದು, ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕನ್ನಲ್ಲ. ಆಗಲೇ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ಇದಕ್ಕಾಗಿಯೇ ಊರು ಬಿಟ್ಟು ಆಸ್ಪತ್ರೆಯ ಹತ್ತಿರವೇ ಕೋಣೆ ಮಾಡಿರಿ ಎನ್ನುವುದು. ಕೋಣೆ ಹಿಡಿಯುವಾಗ ಬಾಡಿಗೆಯೊಂದನ್ನೇ ನೋಡಬೇಡಿ. ಕೆಳಮಹಡಿಯೇ? ಕುಳಿತೇಳುವ ಕಕ್ಕಸು ಕೋಣೆಗೆ ಸೇರಿದಂತೆಯೇ ಇದೆಯೇ? ಒಂದು ಒಲೆ ಹಚ್ಚಲು ಬಿಡುತ್ತಾರೆಯೇ? ಈ ಮೂರು ಇದ್ದರೆ ಗೋಡೆಯ ಬಣ್ಣ ಹೇಗಾದರೂ ಇರಲಿ.

ಕೆಲಸದ ವಿಷಯಕ್ಕೆ ಬರೋಣ. ಒಂದು ನೋಟ್‌ಬುಕ್ಕು ಕೊಳ್ಳಿರಿ. ಹತ್ತು ರೂಪಾಯಿಯದು ಸಾಕು. ಇವತ್ತು ಎಷ್ಟನೆಯ ಕರೆಂಟ್, ಜ್ವರ ಎಷ್ಟು, ಏನು ತಿಂದಳು, ಎಷ್ಟು ಸಲ ವಾಂತಿ, ಎಷ್ಟು ಸಲ ಭೇದಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಎಲ್ಲ ಬರೆದಿಡಿ. ಡಾಕ್ಟರು ಎರಡೇ ನಿಮಿಷ ಮಾತಾಡುತ್ತಾರೆ. ‘ಸುಮಾರಾಗಿ ಇದ್ದಾಳೆ ಸಾರ್’ ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯದು. ‘ನಿನ್ನೆಯಿಂದ ಏಳು ಸಲ ಭೇದಿ ಆಗಿದೆ’ ಎಂದರೆ ಅವರ ಪೆನ್ನು ಓಡುತ್ತದೆ. ನಮಗೆ ಗೊತ್ತಿರುವ ಒಬ್ಬ ರೈತ ಬರೆಯಲು ಅಷ್ಟಾಗಿ ಬಾರದವರು. ಕ್ಯಾಲೆಂಡರಿನ ಚೌಕದೊಳಗೆ ಗೆರೆ ಎಳೆಯುತ್ತಿದ್ದರು. ವಾಂತಿಗೆ ಅಡ್ಡಗೆರೆ, ಭೇದಿಗೆ ಉದ್ದಗೆರೆ. ಆ ಕ್ಯಾಲೆಂಡರನ್ನು ಸುತ್ತಿಕೊಂಡು ಬಗಲಲ್ಲಿಟ್ಟು ಬರುತ್ತಿದ್ದರು. ಡಾಕ್ಟರು ಅದನ್ನು ಮೇಜಿನ ಮೇಲೆ ಹರಡಿಸಿ ನೋಡುತ್ತಿದ್ದರು.

ಕಿಬ್ಬೊಟ್ಟೆಗೆ ಕರೆಂಟ್ ಕೊಡುವಾಗ ಸಾಮಾನ್ಯವಾಗಿ ಮೂತ್ರಕೋಶ ತುಂಬಿರಬೇಕು ಎನ್ನುತ್ತಾರೆ. ಆಗ ಕರುಳು ಸ್ವಲ್ಪ ಮೇಲಕ್ಕೆ ಸರಿದು ವಿಕಿರಣದಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಸರದಿ ಯಾವಾಗ ಬರುವುದೋ! ಬೇಗ ಕುಡಿದರೆ ತಡೆಯಲಾಗದು, ತಡವಾಗಿ ಕುಡಿದರೆ ತುಂಬದು. ಒಳಗೆ ಹೋಗಿ, ಇನ್ನು ಎಷ್ಟು ಜನರಿದ್ದಾರೆ ಎಂದು ಟೆಕ್ನಿಷಿಯನ್ನರನ್ನು ಕೇಳಿಬಂದು, ಸರಿಯಾದ ಹೊತ್ತಿಗೆ ನೀರಿನ ಬಾಟಲಿ ಕೈಗಿಡುವುದು ಗಂಡನ ಕೆಲಸ. ಮದುವೆಯ ಪ್ರಮಾಣದಲ್ಲಿ ಈ ಬಾಟಲಿಯೂ ಸೇರಿತ್ತೆಂದು ಅಂದು ನಮಗೆ ಯಾರೂ ಹೇಳಿರಲಿಲ್ಲ. ಮೈಮೇಲೆ ಹಾಕಿದ ಗುರುತಿನ ಗೆರೆಗಳನ್ನು ಉಜ್ಜಿ ತೊಳೆಯಬಾರದು. ಅಲ್ಲಿಗೆ ಎಣ್ಣೆ, ಪೌಡರು ಹಚ್ಚಬಾರದು. ಭೇದಿ ಶುರುವಾದರೆ ಸೊಪ್ಪು, ಕಾಳು, ಹಸಿ ತರಕಾರಿ ಸ್ವಲ್ಪ ದಿನ ಬೇಡವೆನ್ನುತ್ತಾರೆ. ಮೆತ್ತಗಿನ ಅನ್ನ ಮಜ್ಜಿಗೆ, ಬೇಯಿಸಿದ ಮೊಟ್ಟೆ, ತೆಳು ಗಂಜಿ ಸಾಕು. ಒಲೆಯ ಮುಂದೆ ಎಂದೂ ನಿಲ್ಲದ ಗಂಡಂದಿರು ಅಲ್ಲಿ ಗಂಜಿ ಮಾಡಲು ಕಲಿತದ್ದನ್ನು ನೋಡಿದ್ದೇವೆ. ಮೊದಲ ಎರಡು ದಿನ ತಳ ಹಿಡಿಯುತ್ತದೆ. ಹೆಂಡತಿ ನಗುತ್ತಾಳೆ. ಆ ನಗೆಯೂ ಔಷಧವೇ ಎಂದುಕೊಳ್ಳಿ.

ಇನ್ನೊಂದು ಹೆದರಿಕೆ ನಮ್ಮವರಲ್ಲಿದೆ. ಕರೆಂಟ್ ಕೊಟ್ಟವರ ಮೈಯಿಂದ ಕರೆಂಟ್ ನಮಗೂ ತಗಲೀತೆಂದು ಪಕ್ಕ ಮಲಗಲು ಅಂಜುತ್ತಾರೆ, ತಟ್ಟೆ ಲೋಟ ಬೇರೆ ಇಡುತ್ತಾರೆ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಯಂತ್ರ ನಿಂತೊಡನೆ ನಿಂತಿತು, ದೇಹದಲ್ಲಿ ಉಳಿಯುವುದಿಲ್ಲ. ಕ್ಯಾನ್ಸರ್ ಅಂಟುರೋಗವೂ ಅಲ್ಲ. ಮಕ್ಕಳು ಬಂದಾಗ ತಾಯಿಯ ತೊಡೆಯ ಮೇಲೆ ಧಾರಾಳವಾಗಿ ಕೂರಲಿ. ಗಂಡಹೆಂಡಿರ ಖಾಸಗಿ ಬಾಳು ಯಾವಾಗಿನಿಂದ, ಹೇಗೆ ಎಂಬುದನ್ನು ಚಿಕಿತ್ಸೆ ಮುಗಿಯುವಾಗ ಇಬ್ಬರೂ ಸೇರಿ ಡಾಕ್ಟರನ್ನು ಕೇಳಿರಿ. ನಾಚಿಕೆಪಟ್ಟು ಕೇಳದೆ ಬಂದವರು ಆಮೇಲೆ ವರ್ಷಗಟ್ಟಲೆ ಗೋಡೆಯ ಆಕಡೆ ಈಕಡೆ ಮಲಗುತ್ತಾರೆ.

ಭಾಷೆಯ ಚಿಂತೆ ಬೇಡ. ತಮಿಳಿನಲ್ಲಿ ಜ್ವರಕ್ಕೆ ಕಾಯ್ಚಲ್, ನೋವಿಗೆ ವಲಿ, ತಲೆಸುತ್ತಿಗೆ ಮಯಕ್ಕಂ. ಉಳಿದದ್ದರಲ್ಲಿ ನಮ್ಮ ‘ಹ’ ಇದ್ದಲ್ಲಿ ಅವರು ಎಷ್ಟೋ ಸಲ ‘ಪ’ ಇಡುತ್ತಾರೆ. ಹಾಲು ಪಾಲ್, ಹಸಿವು ಪಸಿ, ಬಾಯಿಯ ಹುಣ್ಣು ಪುಣ್. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆತಲಾಂತರದಿಂದ ನೆಲೆಸಿದ ದೇವಾಂಗ ನೇಕಾರರು ಮನೆಯಲ್ಲಿ ಇಂದಿಗೂ ಕನ್ನಡ ಮಾತಾಡುತ್ತಾರೆ. ತರಕಾರಿ ಅಂಗಡಿಯಲ್ಲೋ ಔಷಧಿ ಅಂಗಡಿಯ ಸಾಲಿನಲ್ಲೋ ಹಿಂದಿನಿಂದ ಒಂದು ಹಳೆಯ ಕಾಲದ ಕನ್ನಡ ಕೇಳಿಸಿದರೆ ಬೆರಗಾಗಬೇಡಿ, ತಿರುಗಿ ಮಾತಾಡಿಸಿ. ಪೂಜೆಗೆ ಟೌನ್ ಹಾಲ್ ಹತ್ತಿರದ ಬಿಗ್ ಬಜಾರ್ ಬೀದಿಯಲ್ಲಿ ಸಂತ ಮೈಕೇಲರ ಪ್ರಧಾನಾಲಯವಿದೆ. ಭಾಷೆ ತಮಿಳಾದರೂ ಬಲಿಪೂಜೆ ಅದೇ.

ಹಣದ ಮಾತು. ತಮಿಳುನಾಡಿನ ಪಡಿತರ ಚೀಟಿ ಇರುವ ತಾಳವಾಡಿ ಕಡೆಯವರು ಆದಾಯದ ಮಿತಿಯೊಳಗಿದ್ದರೆ ಅಲ್ಲಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯ ಕಾರ್ಡು ಮಾಡಿಸಿಕೊಳ್ಳಬಹುದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಕರ್ನಾಟಕದ ಕಾರ್ಡಿನವರು, ಹೊರರಾಜ್ಯದ ಈ ಆಸ್ಪತ್ರೆಯಲ್ಲಿ ಆಯುಷ್ಮಾನ್ ನಡೆಯುವುದೇ ಎಂದು ದಾಖಲಾಗುವ ಮೊದಲೇ ಅಲ್ಲಿನ ವಿಮಾ ಕೌಂಟರಿನಲ್ಲಿ ಕೇಳಬೇಕು. ಬಿಲ್ಲಾದ ಮೇಲೆ ಕೇಳಿದರೆ ಏನೂ ನಡೆಯದು. ರೈಲಿನಲ್ಲಿ ಹೋಗುವವರಿಗೆ ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ಸ್ಲೀಪರ್ ಮತ್ತು ಮೂರು ಹಂತದ ಎ.ಸಿ.ಯಲ್ಲಿ ರೋಗಿಗೆ ಪೂರ್ತಿ ರಿಯಾಯಿತಿ, ಜೊತೆಯವರೊಬ್ಬರಿಗೆ ನೂರಕ್ಕೆ 75.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ನಮ್ಮ ಕಡೆಯವರ ಕಷ್ಟ ಬೇರೆ ಬಗೆಯದು. ಕೊಯಮತ್ತೂರು ಸುಮಾರು 50 ಕಿಲೋಮೀಟರು. ವಾರದ ಕೂಲಿ ಶನಿವಾರ ಕೈಗೆ ಬರುತ್ತದೆ. ಷಿಫ್ಟಿಗೆ ಹೋಗದಿದ್ದರೆ ಅದೂ ಇಲ್ಲ. ಕಂಪನಿ ಇ.ಎಸ್.ಐ. ಕಟ್ಟುತ್ತಿದೆಯೇ ಎಂದು ಮೊದಲು ನೋಡಿರಿ. ಕಟ್ಟುತ್ತಿದ್ದರೆ ಕಾರ್ಮಿಕನಿಗಷ್ಟೇ ಅಲ್ಲ, ಅವನ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯುಂಟು. ಕೊಯಮತ್ತೂರಿನ ಸಿಂಗಾನಲ್ಲೂರಿನ ಬಳಿ ದೊಡ್ಡ ಇ.ಎಸ್.ಐ. ಆಸ್ಪತ್ರೆಯೇ ಇದೆ. ಕ್ಯಾನ್ಸರ್ ಬಂದವರೇ ಕಾರ್ಮಿಕರಾಗಿದ್ದು ಎರಡು ವರ್ಷ ಬಿಡದೆ ಕೆಲಸ ಮಾಡಿದ್ದರೆ, ಕೂಲಿಯ ನೂರಕ್ಕೆ 80ರಷ್ಟನ್ನು ಎರಡು ವರ್ಷದವರೆಗೂ ಕೊಡುವ ವಿಸ್ತೃತ ಕಾಯಿಲೆ ಭತ್ಯೆಯಿದೆ. ಇದನ್ನು ತಿಳಿಯದೆ ತಾಳಿ ಒತ್ತೆಯಿಟ್ಟವರಿದ್ದಾರೆ. ಗಂಡನೇ ದುಡಿಯಬೇಕು, ಬೇರೆ ದಾರಿಯೇ ಇಲ್ಲ ಎಂದಾದರೆ, ಬೆಳಗಿನ ಮೊದಲ ಸರದಿ ಕೊಡಿರೆಂದು ವಿಕಿರಣ ವಿಭಾಗದಲ್ಲಿ ಬೇಡಿಕೊಳ್ಳಿ. ಕೊಟ್ಟರೆ ಅರ್ಧ ಷಿಫ್ಟಾದರೂ ಉಳಿಯುತ್ತದೆ.

ಇಲ್ಲಿ ಒಂದು ದಂಪತಿಯ ನೆನಪು ಮಾಡಿಕೊಳ್ಳುತ್ತೇವೆ. ಬಾಲಯೇಸುವಿನ ಸಂತ ತೆರೇಸಾರ ತಂದೆತಾಯಿ, ಸಂತ ಲೂಯಿ ಮತ್ತು ಸಂತ ಜೆಲಿ ಮಾರ್ಟಿನ್. ಫ್ರಾನ್ಸಿನ ಅಲೆನ್ಸಾನ್ ಊರಿನಲ್ಲಿ ಜೆಲಿ ಲೇಸು ಹೆಣೆಯುವ ಉದ್ಯಮ ನಡೆಸುತ್ತಿದ್ದ ಗಟ್ಟಿಗಿತ್ತಿ. ಗಡಿಯಾರದ ಕೆಲಸ ಮಾಡುತ್ತಿದ್ದ ಲೂಯಿ 1870ರಲ್ಲಿ ತಮ್ಮ ಅಂಗಡಿ ಮಾರಿ ಹೆಂಡತಿಯ ಉದ್ಯಮಕ್ಕೆ ಕೈಜೋಡಿಸಿದರು. ಅಂದಿನ ಕಾಲಕ್ಕೆ ಅದು ದೊಡ್ಡ ಮಾತು. ಜೆಲಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು ವರ್ಷಗಳೇ ಆಗಿದ್ದವು. 1876ರ ಕೊನೆಯಲ್ಲಿ ವೈದ್ಯರು, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದರು. ಜೆಲಿ ಅದನ್ನು ಮನೆಯವರಿಂದ ಮುಚ್ಚಿಡಲಿಲ್ಲ. ಸುದ್ದಿ ಕೇಳಿದ ಲೂಯಿ ಕುಸಿದುಹೋದರು. ಪ್ರಾಣದಷ್ಟು ಪ್ರಿಯವಾಗಿದ್ದ ಮೀನು ಹಿಡಿಯುವ ಗಾಳಗಳನ್ನು ಅಟ್ಟಕ್ಕೆ ಹಾಕಿದರು, ಗೆಳೆಯರ ಬಳಿ ಹೋಗುವುದನ್ನೂ ಬಿಟ್ಟರು. ಸಂತರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಮಾತು ಹೇಳುತ್ತೇವೆ. ಗಾಳ ಅಟ್ಟಕ್ಕೆ ಹೋದದ್ದರಿಂದ ಜೆಲಿಗೆ ಒಂದು ದಿನದ ನೋವೂ ಕಡಿಮೆಯಾಗಿರಲಾರದು. ಗಂಡನ ಮುಖ ಬಾಡಿದ್ದು ನೋಡಿ ರೋಗಿಯೇ ಅವನನ್ನು ಸಮಾಧಾನ ಮಾಡುವ ಪರಿಸ್ಥಿತಿಯನ್ನು ನಾವು ಕೊಯಮತ್ತೂರಿನಲ್ಲೂ ಕಂಡಿದ್ದೇವೆ. 1877ರ ಜೂನಿನಲ್ಲಿ ಜೆಲಿ ಮೂವರು ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು. ಗುಣವಾಗಲಿಲ್ಲ. ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ತೆರೇಸಾಗೆ ನಾಲ್ಕು ವರ್ಷ. ಆ ವರ್ಷದ ನವೆಂಬರಿನಲ್ಲಿ ಲೂಯಿ ತಮಗೆ ಒಗ್ಗಿದ ಊರನ್ನು ಬಿಟ್ಟು, ಮಕ್ಕಳಿಗೆ ಸೋದರಮಾವ, ಅತ್ತೆಯ ಆಸರೆಯಿರಲೆಂದು ಲಿಸಿಯೂ ಪಟ್ಟಣಕ್ಕೆ ಮನೆ ಸಾಗಿಸಿದರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಈ ಗಂಡಹೆಂಡತಿಯನ್ನು ಒಟ್ಟಿಗೇ ಸಂತಪದವಿಗೇರಿಸಿದರು. ಲೂರ್ದಿಗೆ ಹೋಗಿ ಗುಣವಾಗದೆ ಬಂದವಳೂ ಸಂತಳೇ ಎಂಬುದು ನಮ್ಮ ಅನೇಕರಿಗೆ ಸಮಾಧಾನ ಕೊಡುತ್ತದೆ.

ಜೆಲಿಗೆ ತಮ್ಮ ಕಾಯಿಲೆ ಏನೆಂದು ಪೂರ್ತಿ ಗೊತ್ತಿತ್ತು. ನಮ್ಮಲ್ಲೋ, ‘ಅವಳಿಗೆ ಹೇಳಬೇಡಿ ಡಾಕ್ಟ್ರೇ’ ಎಂದು ಕಾರಿಡಾರಿನಲ್ಲಿ ಗುಟ್ಟಾಗಿ ಕೈಮುಗಿಯುತ್ತೇವೆ. ಅವಳು ನಿತ್ಯ ಹೋಗಿ ಕೂರುವ ಕಟ್ಟಡದ ಮೇಲೆ ಆಳೆತ್ತರದ ಅಕ್ಷರದಲ್ಲಿ ಕ್ಯಾನ್ಸರ್ ಎಂದು ಬರೆದಿದೆ, ಪಕ್ಕದ ಹೆಂಗಸಿನ ಕೂದಲು ಉದುರಿದೆ. ಅವಳಿಗೆ ಗೊತ್ತು. ಅವಳಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ, ಅಷ್ಟೆ. ಇಬ್ಬರೂ ಒಬ್ಬರಿಗೊಬ್ಬರು ನಾಟಕವಾಡುತ್ತ ಆ ಸಣ್ಣ ಕೋಣೆಯಲ್ಲಿ ಎಂಟು ವಾರ ಇರುವುದು ಕ್ಯಾನ್ಸರಿಗಿಂತ ದೊಡ್ಡ ಸಂಕಟ. ಒಂದು ಸಂಜೆ, ಜಪಸರ ಮುಗಿದ ಮೇಲೆ, ಸುಮ್ಮನೆ ಕೇಳಿರಿ: ನಿನಗೆ ಏನು ಭಯ? ಉತ್ತರ ಬಂದಾಗ ಉಪದೇಶ ಮಾಡಬೇಡಿ.

ಅಭ್ಯಂಗದ ಬಗ್ಗೆಯೂ ಇಂಥದೇ ಭಯ. ಫಾದರ್ ಎಣ್ಣೆ ಹಚ್ಚಿದರೆ ಇನ್ನು ಮುಗಿಯಿತು ಎಂದೇ ಹಿರಿಯರು ತಿಳಿದಿದ್ದಾರೆ. ಎರಡನೆಯ ವ್ಯಾಟಿಕನ್ ಸಭೆ ಇದು ಸಾಯುವ ಗಳಿಗೆಯ ಸಂಸ್ಕಾರ ಮಾತ್ರವಲ್ಲವೆಂದು ತಿಳಿಸಿತು. 1972ರಲ್ಲಿ ಸಂತ ಆರನೆಯ ಪೌಲರು ಹೊಸ ವಿಧಿಯನ್ನೇ ಕೊಟ್ಟರು. ಗಂಭೀರ ಕಾಯಿಲೆಯವರು ಯಾರೂ ಪಡೆಯಬಹುದು, ಕಾಯಿಲೆ ಹೆಚ್ಚಿದರೆ ಮತ್ತೆಯೂ ಪಡೆಯಬಹುದು. ಕೊಯಮತ್ತೂರಿಗೆ ಹೊರಡುವ ಹಿಂದಿನ ದಿನ ನಮ್ಮದೇ ದೇವಾಲಯದಲ್ಲಿ, ನಮ್ಮದೇ ಭಾಷೆಯಲ್ಲಿ, ಗಂಡ ಮಕ್ಕಳು ಸುತ್ತ ನಿಂತಿರುವಾಗ ಪಡೆದು ಹೊರಡಿ.

ಗಂಡಂದಿರ ಸಂಜೆಯ ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆವು. ಬರೆದೇಬಿಡುತ್ತೇವೆ. ಹಗಲಿಡೀ ಬೆಂಚಿನಲ್ಲಿ ಕುಳಿತವನಿಗೆ ಸಂಜೆ ಎದೆ ಭಾರವಾಗುತ್ತದೆ. ಬೀದಿಯ ತುದಿಯಲ್ಲಿ ಟಾಸ್ಮಾಕ್ ಇರುತ್ತದೆ. ಕೋಣೆಯಲ್ಲಿ ಅವಳೊಬ್ಬಳೇ, ಥರ್ಮಾಮೀಟರು ನೋಡಲು ಯಾರೂ ಇಲ್ಲ. ಆ ಭಾರ ಸುಳ್ಳಲ್ಲ, ಅದನ್ನು ಇಳಿಸಲು ಬೇರೆ ಯಾರಾದರೂ ಬೇಕು. ಅವನ ಬಿ.ಪಿ. ಮಾತ್ರೆ ಮುಗಿದಿದೆಯೇ, ಅವನು ರಾತ್ರಿ ಎಷ್ಟು ಹೊತ್ತು ಮಲಗಿದ ಎಂದು ಕೇಳುವವರು ಬೇಕು.

ಇಲ್ಲಿ ಧರ್ಮಕೇಂದ್ರದ ಕೆಲಸ ಬರುತ್ತದೆ. ಗಂಡ ಹೊಲ ಬಿಟ್ಟು ಹೋಗಬೇಕೆಂದು ನಾವು ಸುಲಭವಾಗಿ ಬರೆದೆವು. ಹೊಲಕ್ಕೆ ನೀರು ಯಾರು ಕಟ್ಟುತ್ತಾರೆ? ಹಸುವಿನ ಹಾಲು ಯಾರು ಕರೆಯುತ್ತಾರೆ? ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತ ಮಗನಿಗೆ ಬೆಳಗಿನ ತಿಂಡಿ ಯಾರು ಮಾಡುತ್ತಾರೆ? ಕಿರು ಕ್ರೈಸ್ತ ಸಮುದಾಯದ ಹತ್ತು ಮನೆಗಳಿದ್ದರೆ ಒಂದೊಂದು ಮನೆಗೆ ಒಂದೊಂದು ವಾರ ಬಂದೀತು, ಅಷ್ಟರಲ್ಲಿ ಚಿಕಿತ್ಸೆಯೇ ಮುಗಿದಿರುತ್ತದೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಹಣ ಕೊಡುವುದಾದರೆ ಪೂಜೆಯ ಕೊನೆಯಲ್ಲಿ ಹೆಸರು ಓದದೆ, ಕವರಿನಲ್ಲಿಟ್ಟು ಗಂಡನ ಕೈಗೆ ಕೊಡಲಿ. ಒಂದು ಶುಕ್ರವಾರ ಸಂಜೆ ಯಾರಾದರೂ ದಂಪತಿ ಹೋಗಿ ಭಾನುವಾರದವರೆಗೆ ಅವಳ ಜೊತೆ ಇದ್ದರೆ, ಅವನು ಊರಿಗೆ ಬಂದು ಮಕ್ಕಳ ಮುಖ ನೋಡಿ, ಹೊಲ ನೋಡಿ, ಒಂದು ರಾತ್ರಿ ತನ್ನ ಮಂಚದಲ್ಲಿ ಮಲಗಿ ಹೋಗುತ್ತಾನೆ. ನೋಡಲು ಹೋಗುವವರು ನೆಗಡಿ ಕೆಮ್ಮು ಇದ್ದರೆ ಹೋಗಬೇಡಿ. ಫೋನು ಮಾಡುವವರು, ಇಂಥ ಕಡೆ ನಾಟಿ ಔಷಧ ಕೊಡುತ್ತಾರಂತೆ, ಇಂಥವರು ಹೀಗೇ ಶುರುವಾಗಿ ತೀರಿಕೊಂಡರಂತೆ ಎಂದು ಹೇಳಬೇಡಿ. ಊಟ ಆಯಿತೇ ಎಂದು ಕೇಳಿ, ಮನೆಯಲ್ಲಿ ಎಮ್ಮೆ ಕರು ಹಾಕಿತು ಎಂದು ಹೇಳಿ.

ಕೊನೆಯ ಕರೆಂಟ್ ಮುಗಿದ ದಿನವೇ ಊರಿಗೆ ಹೊರಡಲು ಆತುರ ಇದ್ದೇ ಇರುತ್ತದೆ. ಒಂದು ರಾತ್ರಿ ತಡೆಯಿರಿ. ಮುಂದಿನ ತಪಾಸಣೆಯ ದಿನಾಂಕ, ಸಾರಾಂಶದ ಪತ್ರ, ಸ್ಕ್ಯಾನಿನ ಫಿಲ್ಮು, ಬಯಾಪ್ಸಿ ವರದಿ ಎಲ್ಲ ಒಂದೇ ಚೀಲದಲ್ಲಿವೆಯೇ ನೋಡಿಕೊಳ್ಳಿ. ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ಬರುವುದಿರುತ್ತದೆ, ಆ ಚೀಲ ಪ್ರತಿ ಸಲವೂ ಬೇಕು. ಬೆಳಿಗ್ಗೆ ಹಗುರವಾಗಿ ತಿಂದು ಹೊರಡಿ. ಬಸ್ಸಾದರೆ ಮುಂದಿನ ಸೀಟು ಹಿಡಿಯಿರಿ, ಬಾಡಿಗೆ ಕಾರಾದರೆ ಅವಳನ್ನು ಡ್ರೈವರನ ಪಕ್ಕ ಕೂರಿಸಿ. ವಾಂತಿಯ ಮಾತ್ರೆಯನ್ನು ಡಾಕ್ಟರು ಕೊಟ್ಟಿದ್ದರೆ ಸತ್ಯಮಂಗಲದಲ್ಲೇ ನುಂಗಿಸಿ, ಬಣ್ಣಾರಿ ದಾಟಿ ಘಾಟಿ ಹತ್ತುವ ಹೊತ್ತಿಗೆ ಕೆಲಸ ಮಾಡುತ್ತಿರುತ್ತದೆ. ಒಂದು ದಿಂಬು, ಒಂದು ಪ್ಲಾಸ್ಟಿಕ್ ಕವರು, ಒಂದು ಬಾಟಲಿ ನೀರು ಕೈಗೆ ಸಿಗುವಂತಿರಲಿ. ತಿರುವುಗಳಲ್ಲಿ ನಿಧಾನವಾಗಿ ಹೋಗಲು ಡ್ರೈವರಿಗೆ ಮೊದಲೇ ಹೇಳಿರಿ. ಮೇಲೆ ಹಾಸನೂರಿನಲ್ಲಿ ನಿಲ್ಲಿಸಿದರೆ ಗಾಳಿ ತಣ್ಣಗಿರುತ್ತದೆ, ಟೀ ಸಿಗುತ್ತದೆ, ಮನೆಗೆ ಫೋನು ಮಾಡಿ ಅಕ್ಕಿ ಹಾಕಲು ಹೇಳಬಹುದು.